ಕೊರಿಯೋಗ್ರಾಫರ್: ನೃತ್ಯ ನಿರ್ದೇಶಕರೋ, ನೃತ್ಯ ಸಂಯೋಜಕರೋ?

ಮಿತ್ರರೇ, ನಮಸ್ಕಾರ.

ಬ್ಯಾಲೆ, ನಾಟಕ, ಸಿನಿಮಾಗಳಿಗೆ ಕುಣಿತ ಕಟ್ಟಿದ ಅಮೆರಿಕದ ಕೊರಿಯೋಗ್ರಾಫರ್ ಜೆರೋಮ್ ರಾಬಿನ್ಸ್ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಕೊರಿಯೋಗ್ರಾಫರ್ ಎಂಬುದಕ್ಕೆ ನಮ್ಮ ಸಿನಿಮಾದವರು ‘ನೃತ್ಯ ನಿರ್ದೇಶಕ’ ಎನ್ನುತ್ತಾರೆ, ಸೆಟ್ಟಿನಲ್ಲಿ ಡಾನ್ಸ್ ಮಾಸ್ಟರ್. ಭರತನಾಟ್ಯದ ಆಹ್ವಾನ ಪತ್ರಿಕೆಗಳಲ್ಲಿ ‘ನೃತ್ಯ ಸಂಯೋಜನೆ’ ಎಂದಿರುತ್ತದೆ. ಬೇರೆ ಕಡೆ ಯಾವುದನ್ನು ಹಾಕಿದರೂ ನಡೆದೀತು. ರಾಬಿನ್ಸ್ ವಿಷಯದಲ್ಲಿ ನಡೆಯುತ್ತಿಲ್ಲ.

1944ರಲ್ಲಿ ಅವರು ‘ಫ್ಯಾನ್ಸಿ ಫ್ರೀ’ ಎಂಬ ಬ್ಯಾಲೆ ಕಟ್ಟಿದರು. ರಜೆಯ ಮೇಲೆ ಹಡಗಿನಿಂದಿಳಿದ ಮೂವರು ನಾವಿಕರ ಕಥೆ, ಸಂಗೀತ ಲೆನರ್ಡ್ ಬರ್ನ್‌ಸ್ಟೈನ್ ಅವರದು. ಅದೇ ಎಳೆ ಆ ವರ್ಷದ ಕೊನೆಗೆ ‘ಆನ್ ದ ಟೌನ್’ ಎಂಬ ಮ್ಯೂಸಿಕಲ್ (ಹಾಡು, ಕುಣಿತ ತುಂಬಿದ ನಾಟಕ) ಆಗಿ ನ್ಯೂಯಾರ್ಕಿನ ರಂಗಭೂಮಿಯಾದ ಬ್ರಾಡ್‌ವೇ ಏರಿತು. ಅಲ್ಲಿ ನಿರ್ದೇಶಕರು ಜಾರ್ಜ್ ಆ್ಯಬಟ್, ಕುಣಿತ ಮಾತ್ರ ರಾಬಿನ್ಸ್ ಅವರದು. 1957ರ ಮ್ಯೂಸಿಕಲ್ ‘ವೆಸ್ಟ್ ಸೈಡ್ ಸ್ಟೋರಿ’ಗೆ ಬಂದಾಗ ಪರಿಕಲ್ಪನೆ, ನಿರ್ದೇಶನ, ನೃತ್ಯ ಮೂರಕ್ಕೂ ಅವರದೇ ಹೆಸರು. ನೃತ್ಯದಲ್ಲಿ ಪೀಟರ್ ಜೆನಾರೊ ಜೊತೆಗಿದ್ದರು.

ನನಗೆ ತೊಡಕಾಗಿರುವುದು ಅದನ್ನೇ ತೆರೆಗೆ ತಂದ 1961ರ ಸಿನಿಮಾ. ರಾಬರ್ಟ್ ವೈಸ್ ಜೊತೆ ರಾಬಿನ್ಸ್ ಸಹ ನಿರ್ದೇಶಕರಾಗಿದ್ದರು. ಚಿತ್ರೀಕರಣ ಎಳೆಯುತ್ತಾ ಖರ್ಚು ಮಿತಿಮೀರಿದಾಗ ಅವರನ್ನು ನಡುವೆಯೇ ಕಳಿಸಿಬಿಟ್ಟರು. ಹೆಸರು ಮಾತ್ರ ಉಳಿಯಿತು. ನಿರ್ದೇಶನದ ಆಸ್ಕರ್ ಇಬ್ಬರಿಗೂ ಬಂತು, ಮೇಲಾಗಿ ರಾಬಿನ್ಸ್ ಅವರಿಗೆ ಕೊರಿಯೋಗ್ರಫಿಗಾಗಿ ಪ್ರತ್ಯೇಕ ಗೌರವ ಆಸ್ಕರ್. ಇದನ್ನು ‘ನಿರ್ದೇಶನಕ್ಕೂ ನೃತ್ಯ ನಿರ್ದೇಶನಕ್ಕೂ’ ಎಂದು ಬರೆದರೆ, ಹಾಡುಗಳನ್ನಷ್ಟೇ ನಿರ್ದೇಶಿಸಿದ್ದಕ್ಕೆ ಎರಡು ಪ್ರಶಸ್ತಿ ಕೊಟ್ಟರೇನೋ ಎಂದು ಓದುಗರು ತಿಳಿಯುತ್ತಾರೆ.

ಹಾಲಿವುಡ್ಡಿನಲ್ಲಿಯೂ ಈ ಗೊಂದಲ ಇದ್ದೇ ಇತ್ತು. 1935ರಿಂದ 1937ರ ವರೆಗಿನ ಚಿತ್ರಗಳಿಗೆ ಆಸ್ಕರ್‌ನಲ್ಲಿ ಒಂದು ವಿಭಾಗವಿತ್ತು, ಅದರ ಹೆಸರು ಅಕ್ಷರಶಃ ನೃತ್ಯ ನಿರ್ದೇಶನ. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕಾಲೆತ್ತಿಸುತ್ತಿದ್ದ ಕಾಲಕ್ಕೆ ಅದು ಸರಿಯೇ. ಅದೇ ಹೊತ್ತಿಗೆ, 1936ರಲ್ಲಿ, ಬ್ರಾಡ್‌ವೇಯ ‘ಆನ್ ಯುವರ್ ಟೋಸ್’ಗೆ ಬಂದ ಬ್ಯಾಲೆಯ ಜಾರ್ಜ್ ಬಾಲಂಚಿನ್ ಅವರ ಕೆಲಸಕ್ಕೆ ‘ಕೊರಿಯೋಗ್ರಫಿ’ ಎಂದೇ ಹೆಸರು ಕೊಟ್ಟರು. 1943ರ ಮ್ಯೂಸಿಕಲ್ ‘ಓಕ್ಲಹೋಮಾ’ದಲ್ಲಿ ಆ್ಯಗ್ನೆಸ್ ಡಿಮಿಲ್ ನಾಯಕಿಯ ಮನಸ್ಸಿನ ಭಯವನ್ನೆಲ್ಲ ಒಂದು ಕನಸಿನ ಬ್ಯಾಲೆಯಲ್ಲಿ ಕುಣಿಸಿ ತೋರಿಸಿದರು. ಕಥೆಯ ಒಂದು ಘಟ್ಟವನ್ನೇ ನೃತ್ಯ ಹೊತ್ತುಕೊಂಡಾಗ ಅದು ರಚನೆಯೇ ಹೊರತು ನಿರ್ದೇಶನವಲ್ಲ.

ಹೀಗಾಗಿ ನನ್ನ ಒಲವು ‘ನೃತ್ಯ ಸಂಯೋಜನೆ’ಯ ಕಡೆಗೆ. ಆದರೆ ‘ಸಂಯೋಜಕ’ ಎಂದ ಕೂಡಲೇ ಎನ್‌ಎಸ್‌ಎಸ್ ಶಿಬಿರದ ಬ್ಯಾನರ್ ನೆನಪಾಗುತ್ತದೆ. ಸಾಲದ್ದಕ್ಕೆ ಬರ್ನ್‌ಸ್ಟೈನ್ ಕೂಡ ಸಂಗೀತ ಸಂಯೋಜಕರೇ. ಒಂದೇ ವಾಕ್ಯದಲ್ಲಿ ಇಬ್ಬರು ಸಂಯೋಜಕರು! ‘ನೃತ್ಯಕರ್ತೃ’ ಎಂದರೆ ಬಾಯಿಗೂ ಬರುವುದಿಲ್ಲ, ಕಿವಿಗೂ ಹಿಡಿಸುವುದಿಲ್ಲ.

ಬ್ರಾಡ್‌ವೇಗೆ ‘ವೃತ್ತಿ ರಂಗಭೂಮಿ’ ಚೆನ್ನಾಗಿಯೇ ಒಪ್ಪಿತು. ‘ಮ್ಯೂಸಿಕಲ್’ಗೆ ‘ಸಂಗೀತ ನಾಟಕ’ ಎಂದರೆ ಗುಬ್ಬಿ ಕಂಪನಿಯ ರಂಗಗೀತೆಗಳು ಕಣ್ಮುಂದೆ ಬಂದಾವು ಎಂದು ಅದನ್ನು ಹಾಗೆಯೇ ಉಳಿಸಿಕೊಂಡೆ.

ನೃತ್ಯ ಕಲಿಸುವವರು ಮಾತಿನಲ್ಲಿ ಯಾವ ಪದ ಬಳಸುತ್ತೀರಿ? ಹಳೆಯ ಕಂಪನಿ ನಾಟಕಗಳ ಹ್ಯಾಂಡ್‌ಬಿಲ್‌ಗಳನ್ನು ಇಟ್ಟುಕೊಂಡವರಿದ್ದರೆ, ಕುಣಿತ ಕಟ್ಟಿದವರನ್ನು ಅವುಗಳಲ್ಲಿ ಏನೆಂದು ಅಚ್ಚು ಹಾಕಿಸಿದ್ದಾರೆಂದು ದಯವಿಟ್ಟು ನೋಡಿ ತಿಳಿಸಿ.