ಪಾಲಿಮರ್ ಪಿಸ್ತೂಲೋ, ಉಕ್ಕಿನದೋ? ಬಳಸಿದವರು ಹೇಳಿ

ಪೆರ್ಲದಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಅಡಿಕೆ ವ್ಯಾಪಾರ ನನ್ನದು. ಸಂಜೆ ದುಡ್ಡು ಹಿಡಿದುಕೊಂಡು ಗುಡ್ಡದ ರಸ್ತೆಯಲ್ಲಿ ಬೈಕಿನಲ್ಲಿ ಬರಬೇಕಾಗುತ್ತದೆ, ಹಾಗಾಗಿ ಪಿಸ್ತೂಲಿಗೆ ಅರ್ಜಿ ಹಾಕಿದ್ದೆ, ಲೈಸೆನ್ಸ್ ಸಿಕ್ಕಿತು. ಈಗ ಯಾವುದು ತಗೊಳ್ಳಲಿ ಅನ್ನುವುದೇ ತಲೆಬಿಸಿ. ಒಂದು, ತೀರಿಹೋದ ಸೋದರಮಾವನ ವಾಲ್ಥರ್ ಪಿಪಿ ಪಿಸ್ತೂಲು, .32 (ಗುಂಡಿನ ಅಳತೆ, ಇಂಚಿನಲ್ಲಿ), ಪೂರ್ತಿ ಉಕ್ಕು. ಡೀಲರ್ ಹತ್ತಿರ ಠೇವಣಿಯಲ್ಲಿದೆ, ಅತ್ತೆ ನನಗೇ ಆಗಲಿ ಅಂತಾರೆ. ಇನ್ನೊಂದು, ಪರಿಚಯದವರು ಮಾರುವ ಕೆಲ್-ಟೆಕ್ ಪಿ-32, ಅದೂ .32, ಆದರೆ ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು. ಜೇಬಿನಲ್ಲಿ ಇದ್ದದ್ದೇ ಗೊತ್ತಾಗದಷ್ಟು ಹಗುರ. ಮಾವನದಕ್ಕೆ ಒಳ್ಳೆ ಹಿಡಿತ ಇದೆ, ಆದರೆ ಭಾರ. ನಮ್ಮ ಮಳೆಗೆ ಉಕ್ಕು ತಡೆಯುತ್ತದಾ? ಬಳಸಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಬದಿಯಡ್ಕದಿಂದ

ನಾನು ಉಕ್ಕಿನ ಪಕ್ಷ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನನ್ನ ಹತ್ತಿರ ಇರುವುದು ಕಾನ್ಪುರದ .32 ರಿವಾಲ್ವರ್, ಸುಮಾರು 700 ಗ್ರಾಂ. ನನ್ನ ಭಾವನ ಹತ್ತಿರ ಇರುವುದು ನೀವು ಹೇಳಿದ ಅದೇ ಕೆಲ್-ಟೆಕ್. ಅದು ಗುಂಡಿಲ್ಲದೆ 190 ಗ್ರಾಂ ಕೂಡ ಇಲ್ಲ. ರೇಂಜಿನಲ್ಲಿ ಎರಡನ್ನೂ ಹೊಡೆದು ನೋಡಿದ್ದೇನೆ. .32 ಅಂದರೆ ಸಣ್ಣ ಗುಂಡು, ಒದೆತ (ಹೊಡೆದಾಗ ಪಿಸ್ತೂಲು ಹಿಂದಕ್ಕೆ ಕೈಗೆ ಕೊಡುವ ಪೆಟ್ಟು) ಇರುವುದಿಲ್ಲ ಅಂತ ಜನ ಹೇಳುತ್ತಾರೆ. ನನ್ನ ರಿವಾಲ್ವರಿನಲ್ಲಿ ಅದು ನಿಜ. ಅಷ್ಟು ಹಗುರದ ಪಿಸ್ತೂಲಿನಲ್ಲಿ ಮಾತ್ರ ಹಾಗಲ್ಲ. ಹಿಡಿಕೆಯಲ್ಲಿ ಎರಡೇ ಬೆರಳು ಕೂರುತ್ತವೆ, ಮೂತಿ ಮೇಲಕ್ಕೆ ಹಾರುತ್ತದೆ, ಎರಡನೇ ಗುಂಡಿಗೆ ಮತ್ತೆ ಗುರಿ ಹುಡುಕಬೇಕು. ಗುಂಡು ಸಣ್ಣದಾದರೂ ಒದೆತವನ್ನು ತಿನ್ನುವುದು ಪಿಸ್ತೂಲಿನ ತೂಕ. ಆ ತೂಕ ಇಲ್ಲದಿದ್ದರೆ ಎಲ್ಲವನ್ನೂ ನಿಮ್ಮ ಮಣಿಕಟ್ಟೇ ತಿನ್ನಬೇಕು.

ಪಾಲಿಮರ್ ಅಂದರೆ ಪೂರ್ತಿ ಪ್ಲಾಸ್ಟಿಕ್ ಅಂತ ತಿಳಿಯಬೇಡಿ. ಪಿ-32ರ ಒಳಗೆ ಅಲ್ಯೂಮಿನಿಯಂ ಚೌಕಟ್ಟು ಇದೆ, ಅದರ ಮೇಲೆ ಪಾಲಿಮರ್ ಹಿಡಿಕೆ. ಬ್ಯಾರೆಲ್, ಸ್ಲೈಡ್ (ಹೊಡೆದಾಗ ಹಿಂದೆ ಮುಂದೆ ಸರಿಯುವ ಮೇಲ್ಭಾಗ), ಸ್ಪ್ರಿಂಗ್, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಎಲ್ಲ ಉಕ್ಕೇ. ಇಲ್ಲಿಗೇ ನಿಮ್ಮ ಮಳೆಯ ಪ್ರಶ್ನೆಗೂ ಉತ್ತರ ಬಂತು. ಜೂನ್‌ನಿಂದ ಆಟಿ ತಿಂಗಳು (ಆಗಸ್ಟ್ ಮಧ್ಯ) ಮುಗಿಯುವವರೆಗೆ ನಮ್ಮ ಊರಿನಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಅಲ್ವಾ? ಪಾಲಿಮರ್ ತಗೊಂಡರೆ ಹಿಡಿಕೆಗೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ ಲಾಭ. ಸ್ಲೈಡಿಗೂ ಬ್ಯಾರೆಲ್ಲಿಗೂ ಹಿಡಿದೇ ಹಿಡಿಯುತ್ತದೆ. ಭಾವ ಇದನ್ನು ನಂಬಲಿಲ್ಲ. ಒಂದು ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲೇ ಇಟ್ಟರು. ತೆಗೆದಾಗ ಸ್ಲೈಡಿನ ಮೇಲೆ ಕೆಂಪು ಚುಕ್ಕೆಗಳು.

ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಹೋಗುವಾಗ ಚೀಲ ಇರಲಿ, ಮನೆಗೆ ಬಂದ ಮೇಲೆ ಪಿಸ್ತೂಲು ಬೇರೆ, ಚೀಲ ಬೇರೆ. ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣದ ಹರಳು ಇರುವುದು ಸಿಕ್ಕಿದರೆ ಒಳ್ಳೆಯದು, ತೇವ ಹಿಡಿದದ್ದು ಕಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ ಇದೆ. ಪಿಸ್ತೂಲಿಗೆ ದಯವಿಟ್ಟು ಹಚ್ಚಬೇಡಿ. ದಿನ ಕಳೆದಂತೆ ಅದು ಅಂಟಾಗುತ್ತದೆ, ಧೂಳು ಹಿಡಿಯುತ್ತದೆ, ಸ್ಲೈಡ್ ನಿಧಾನ ಆಗುತ್ತದೆ. ಗನ್ ಆಯಿಲ್ಲೇ ತಗೊಳ್ಳಿ, ತೆಳ್ಳಗೆ ಒರೆಸಿದರೆ ಸಾಕು. ಬೆವರು ಕೈಯಲ್ಲಿ ಮುಟ್ಟಿದ ಮೇಲೆ ಒರೆಸದೆ ಒಳಗಿಡಬೇಡಿ. ಇಷ್ಟು ಮಾಡಿದರೆ ಮಾವನ ಪಿಪಿ ನಿಮ್ಮ ಮಕ್ಕಳ ಕಾಲಕ್ಕೂ ಬರುತ್ತದೆ.

ಪಿಪಿ ಬಂದದ್ದು 1929ರಲ್ಲಿ. ಬ್ಯಾರೆಲ್ ಫ್ರೇಮಿಗೇ ಕೂತಿದೆ, ಅಲುಗುವುದಿಲ್ಲ, ಹಾಗಾಗಿ ಗುರಿ ಚೆನ್ನಾಗಿರುತ್ತದೆ. ಸೇಫ್ಟಿ ಒತ್ತಿದರೆ ಎತ್ತಿದ ಕುದುರೆ (ಹಿಂದಿನಿಂದ ಬಡಿಯುವ ಹ್ಯಾಮರ್) ಸುರಕ್ಷಿತವಾಗಿ ಕೆಳಗಿಳಿಯುತ್ತದೆ. ಕೆಲ್-ಟೆಕ್‌ನಲ್ಲಿ ಕೈಯಿಂದ ಹಾಕುವ ಸೇಫ್ಟಿಯೇ ಇಲ್ಲ, ಉದ್ದಕ್ಕೆ ಎಳೆಯಬೇಕಾದ ಟ್ರಿಗರ್ರೇ ಅದರ ಕಾವಲು. ಬರೀ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಜೊತೆ ಅದನ್ನು ಹಾಕಿಕೊಳ್ಳುವ ಯೋಚನೆ ಇದ್ದರೆ ಈಗಲೇ ಬಿಡಿ. ಟ್ರಿಗರ್ ಮುಚ್ಚುವ ಚೀಲ ಬೇಕೇ ಬೇಕು.

ಜತ್ತದಿಂದ

ನಮಸ್ಕಾರ್ರೀ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ನಮ್ಮದು, ಸೈನ್ಯದಿಂದ ನಿವೃತ್ತ. ಬದಿಯಡ್ಕದ ಅಣ್ಣಾವರು ಹೇಳಿದ್ದು ಬಹಳಷ್ಟು ಸರಿ. ಆದರೆ ಪಾಲಿಮರ್ ಪರವಾಗಿಯೂ ಒಬ್ಬರು ಮಾತಾಡಬೇಕು.

ನಾವು ಕಲಿತದ್ದು 9 ಎಂಎಂ 1ಎ ಪಿಸ್ತೂಲಿನ ಮೇಲೆ. ಇಶಾಪುರದಲ್ಲಿ ತಯಾರಾಗಿದ್ದು, ಮೂಲ ವಿನ್ಯಾಸ 1935ರ ಬ್ರೌನಿಂಗ್ ಹೈ-ಪವರ್. ಪೂರ್ತಿ ಉಕ್ಕು, ಹೆಚ್ಚೂಕಡಿಮೆ ಒಂದು ಕೆಜಿ. ಹೊಡೆಯುವಾಗ ಬಹಳ ಸುಖ. ದಿನಪೂರ್ತಿ ಸೊಂಟದಲ್ಲಿ ಹೊತ್ತವನಿಗೆ ಆ ಸುಖ ನೆನಪಿರುವುದಿಲ್ಲ. ಆಮೇಲೆ ಪಾಲಿಮರ್ ಫ್ರೇಮಿನ ಗ್ಲಾಕ್ ಪಿಸ್ತೂಲು ಕೈಗೆ ಬಂತು. ಖಾಲಿ ಇದ್ದಾಗ 630 ಗ್ರಾಂ ಆಸುಪಾಸು, ಮ್ಯಾಗಜಿನ್ನಿನಲ್ಲಿ 17 ಗುಂಡು. ಮೊದಲು ನನಗೂ ನಂಬಿಕೆ ಇರಲಿಲ್ಲ, ಪ್ಲಾಸ್ಟಿಕ್ ಎಷ್ಟು ದಿನ ಬಾಳುತ್ತದೆ ಅಂತ. ಆದರೆ ಆಸ್ಟ್ರಿಯಾದ ಸೈನ್ಯ ಅದನ್ನು 1982ರಲ್ಲೇ ಒಪ್ಪಿಕೊಂಡಿತ್ತು, ಅದಕ್ಕೂ ಮೊದಲು 1970ರಲ್ಲೇ ಜರ್ಮನಿಯ ವಿಪಿ70 ಪಿಸ್ತೂಲು ಪಾಲಿಮರ್ ಫ್ರೇಮಿನಲ್ಲಿ ಬಂದಿತ್ತು. ಅಮೆರಿಕದ ಸೈನ್ಯ ಕೂಡ 2017ರಲ್ಲಿ ಪಾಲಿಮರ್ ಹಿಡಿಕೆಯ ಸಿಗ್ ಪಿ320 ಆರಿಸಿತು. ಸ್ಲೈಡ್ ಓಡುವ ಜಾಗದಲ್ಲಿ ಪಾಲಿಮರ್ ಒಳಗೆ ಉಕ್ಕಿನ ಹಳಿ ಕೂಡಿಸಿರುತ್ತಾರೆ, ಉಕ್ಕಿನ ಮೇಲೇ ಉಕ್ಕು ಜಾರುತ್ತದೆ. ಫ್ರೇಮ್ ಸ್ವಲ್ಪ ಬಾಗಿ ಒದೆತವನ್ನು ಸ್ವಲ್ಪ ತಿನ್ನುವುದೂ ಉಂಟು.

ನಮ್ಮ ಜತ್ತದ ಬಿಸಿಲಿನಲ್ಲಿ ಉಕ್ಕಿನ ಫ್ರೇಮ್ ಕೈ ಸುಡುತ್ತದೆ, ಪಾಲಿಮರ್ ಅಷ್ಟು ಸುಡುವುದಿಲ್ಲ. ಬೆವರಿಗೂ ಅದು ಹೆದರುವುದಿಲ್ಲ.

ಆದರೆ ಒಂದು ಮಾತು. ನಾನು ಹೇಳಿದ್ದು ದೊಡ್ಡ ಪಾಲಿಮರ್ ಪಿಸ್ತೂಲುಗಳ ಕತೆ. ಅವು ಹೆಚ್ಚಿನವು 9 ಎಂಎಂ, ಸಾಮಾನ್ಯ ನಾಗರಿಕರಿಗೆ ಅದು ನಿಷೇಧಿತ ಬೋರ್ (ಗುಂಡಿನ ಅಳತೆ), ನಮ್ಮ ಲೈಸೆನ್ಸಿನಲ್ಲಿ ಬರುವುದಿಲ್ಲ. ನಿಮ್ಮ ಮುಂದಿರುವುದು ಗ್ಲಾಕ್ ಅಲ್ಲ, ಅಂಗೈ ಅಗಲದ ಪಿಸ್ತೂಲು. ಗ್ಲಾಕ್ ಬಗ್ಗೆ ಓದಿದ ಹೊಗಳಿಕೆಯನ್ನು ಅದಕ್ಕೆ ಅಂಟಿಸಬೇಡಿ.

ಹೊಸೂರಿನಿಂದ

ನಾನು ಹತ್ತು ಮೀಟರ್ ಏರ್ ಪಿಸ್ತೂಲ್ ಶೂಟರ್, ಕೆಲವು ಸಲ .22 ಕೂಡ ಹೊಡೆಯುತ್ತೇನೆ. ಆತ್ಮರಕ್ಷಣೆಯ ಪಿಸ್ತೂಲಿನ ಬಗ್ಗೆ ನಾನು ಹೇಳುವುದು ಕಡಿಮೆ. ತೂಕದ ಬಗ್ಗೆ ಹೇಳಬಲ್ಲೆ. ನಮ್ಮ ಸ್ಪರ್ಧೆಯಲ್ಲಿ ಏರ್ ಪಿಸ್ತೂಲು 1,500 ಗ್ರಾಂ ಮೀರಬಾರದು. ಹಗುರವೇ ಒಳ್ಳೆಯದಾಗಿದ್ದರೆ ಎಲ್ಲರೂ ಅರ್ಧ ಕೆಜಿಯದ್ದು ತರುತ್ತಿದ್ದರು. ಯಾರೂ ತರುವುದಿಲ್ಲ. ಕೈ ನಡುಕ ತೂಕದಲ್ಲಿ ಅಡಗುತ್ತದೆ, ಟ್ರಿಗರ್ ಎಳೆಯುವಾಗ ಮೂತಿ ಪಕ್ಕಕ್ಕೆ ಹೋಗುವುದು ಕಡಿಮೆ ಆಗುತ್ತದೆ. ಹಗುರದ ಪಿಸ್ತೂಲಿನಲ್ಲಿ ಟ್ರಿಗರ್ ಗಟ್ಟಿಯಾಗಿದ್ದರಂತೂ ಬೆರಳಿನ ಬಲವೇ ಪಿಸ್ತೂಲನ್ನು ತಿರುಗಿಸಿಬಿಡುತ್ತದೆ.

ಅಣ್ಣ, ಯಾವುದೇ ತಗೊಳ್ಳಿ, ಮೊದಲು ಹಿಡಿತ ನೋಡಿ. ತೋರುಬೆರಳಿನ ತುದಿ ಟ್ರಿಗರ್ ಮೇಲೆ ಆರಾಮವಾಗಿ ಕೂರಬೇಕು. ನಿಮಗೆ ಕೈ ದೊಡ್ಡದಾಗಿದ್ದರೆ ಪಿಪಿಯಲ್ಲೂ ಒಂದು ತೊಂದರೆ ಇದೆ. ಸ್ಲೈಡ್ ಹಿಂದೆ ಬರುವಾಗ ಹೆಬ್ಬೆರಳಿನ ಬುಡದ ಚರ್ಮ ಕೊಯ್ಯುತ್ತದೆ. ರೇಂಜಿನಲ್ಲಿ ಒಮ್ಮೆ ಹೊಡೆದರೆ ತಿಳಿದುಹೋಗುತ್ತದೆ.

ಪೆರ್ಲದಿಂದ ಮತ್ತೆ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಇನ್ನೆರಡು ಸಂಶಯ. ಬೈಕಿನಲ್ಲಿ ಪಿಪಿ ಹೇಗೆ ಇಟ್ಟುಕೊಳ್ಳುವುದು? ಮತ್ತೆ ರಾತ್ರಿ ತೋಟಕ್ಕೆ ಹಂದಿ ಬರುತ್ತದೆ, ಅದಕ್ಕೂ ಇದು ಆಗಬಹುದಾ?

ಮಂಜೇಶ್ವರದಿಂದ

ಹಂದಿಯ ಮಾತು ಬಿಟ್ಟುಬಿಡಿ ಭಾವ. .32 ತಗುಲಿದ ಹಂದಿ ಸಾಯುವುದಿಲ್ಲ, ನಿಮ್ಮ ಮೇಲೆ ತಿರುಗಿ ಬರುತ್ತದೆ. ಅದಕ್ಕೆ 12 ಬೋರ್ ಕೋವಿಯೇ ಬೇಕು. ಅದಲ್ಲದೆ ಕೇರಳದಲ್ಲಿ 2022ರಿಂದ ಪಂಚಾಯತಿನ ಅಧ್ಯಕ್ಷರಿಗೆ ಹಂದಿ ಹೊಡೆಸುವ ಅಧಿಕಾರ ಕೊಟ್ಟಿದ್ದಾರೆ. ಅವರ ಆದೇಶದ ಮೇಲೆ, ಲೈಸೆನ್ಸ್ ಇರುವ ಕೋವಿಯವರು ಹೊಡೆಯುತ್ತಾರೆ. ಆತ್ಮರಕ್ಷಣೆಗೆ ಕೊಟ್ಟ ಪಿಸ್ತೂಲು ಹಿಡಿದು ನೀವೇ ತೋಟಕ್ಕೆ ಇಳಿದರೆ ಕೇಸು ನಿಮ್ಮ ಮೇಲೆಯೇ ಬರುತ್ತದೆ. ಪಂಚಾಯತಿಗೆ ಅರ್ಜಿ ಕೊಡಿ.

ಬದಿಯಡ್ಕದಿಂದ

ಬೈಕಿಗೆ ಹೇಳುತ್ತೇನೆ. ಪಿಪಿ ದಪ್ಪ ಇಲ್ಲ, ತೂಕ ಮುಕ್ಕಾಲು ಕೆಜಿಗಿಂತ ಕಡಿಮೆ. ಪ್ಯಾಂಟಿನ ಒಳಗೆ ಸೊಂಟದ ಬಲಕ್ಕೆ ಗಟ್ಟಿ ಚೀಲ, ದಪ್ಪ ಬೆಲ್ಟ್. ತೂಕ ಕಾಡುವುದು ಬೆಲ್ಟ್ ತೆಳ್ಳಗಿದ್ದಾಗ. ಮೇಲೆ ಸಡಿಲ ಶರ್ಟು, ಮಳೆಗಾಲದಲ್ಲಿ ರೈನ್‌ಕೋಟು. ಬೈಕಿನ ಬ್ಯಾಗಿನಲ್ಲಿ, ಸೀಟಿನಡಿ ಇಡುವ ಕೆಲಸ ಮಾತ್ರ ಮಾಡಬೇಡಿ. ಬೈಕ್ ನಿಲ್ಲಿಸಿ ಚಹಾ ಕುಡಿಯಲು ಹೋದ ಹೊತ್ತಿಗೆ ಯಾರಾದರೂ ಎತ್ತಿಕೊಂಡು ಹೋದರೆ ಲೈಸೆನ್ಸೂ ಹೋಯಿತು, ಕೇಸೂ ಬಂತು.

ಜತ್ತದವರ ಮಾತು ನನಗೆ ಒಪ್ಪಿಗೆ. ದಿನವಿಡೀ ಹೊತ್ತು ತಿರುಗುವ ಕೆಲಸವಾಗಿದ್ದರೆ ನಾನೂ ಪಾಲಿಮರ್ ಅನ್ನುತ್ತಿದ್ದೆ. ನಿಮಗೆ ಬೇಕಾದದ್ದು ಸಂಜೆಯ ಒಂದು ದಾರಿಗೆ. ಅಷ್ಟಕ್ಕೆ ಉಕ್ಕಿನ ಭಾರ ಏನೂ ಅಲ್ಲ, ತೆಗೆಯಬೇಕಾಗಿ ಬಂದರೆ ಕೈ ತುಂಬ ಸಿಗುವುದು ಪಿಪಿಯೇ. ಎರಡನ್ನೂ ಇಟ್ಟುಕೊಳ್ಳೋಣ ಅಂತ ಅನ್ನಿಸಿದರೆ, ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ ಅನ್ನುವುದು ನೆನಪಿರಲಿ. ಮುಂದೆ ತೋಟಕ್ಕೆ ಕೋವಿ ಬೇಕು ಅಂತ ಆದರೆ ಜಾಗ ಇರುವುದಿಲ್ಲ.

ಪಿಪಿ ಬಿಡಿಸಿಕೊಳ್ಳುವ ಮೊದಲು ಒಬ್ಬ ಒಳ್ಳೆಯ ಆರ್ಮರರ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ತೋರಿಸಿ. ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವುದು) ಹಳೆಯದಾಗಿದ್ದರೆ ಬದಲಿಸಿ, ಅದು ಸೋತಿದ್ದರೆ ಸ್ಲೈಡ್ ಫ್ರೇಮಿಗೆ ಜೋರಾಗಿ ಬಡಿಯುತ್ತದೆ. ಬ್ಯಾರೆಲ್ ಒಳಗೆ ಬೆಳಕು ಹಾಯಿಸಿ ಗುಳಿ ಬಿದ್ದಿದೆಯಾ ನೋಡಲಿ. ಹಿಡಿಕೆಯ ಹಳೆಯ ಪ್ಲಾಸ್ಟಿಕ್ ತುಂಡುಗಳು ಬಿರುಕು ಬಿಟ್ಟಿರುವುದು ಸಾಮಾನ್ಯ, ಹೊಸದು ಮಾಡಿಸಬಹುದು. ಮಾವನ ಕಾಲದ ಗುಂಡುಗಳು ಉಳಿದಿದ್ದರೆ ಅವನ್ನು ನಂಬಬೇಡಿ, ಡೀಲರಿಗೆ ಒಪ್ಪಿಸಿ. ಲೈಸೆನ್ಸಿನಲ್ಲಿ ಬರೆದ ನಂಬರೂ ಫ್ರೇಮಿನ ಮೇಲಿನ ನಂಬರೂ ಒಂದೇನಾ ಅಂತ ಕಚೇರಿಯಲ್ಲೇ ನಿಂತು ಓದಿ ನೋಡಿ, ಮನೆಗೆ ಬಂದ ಮೇಲೆ ಅಲ್ಲ.