ಟಿಕೆಟ್ ಡೆಸ್ಕ್ ಅಕ್ಕನನ್ನು ಕೇಳಿ: ಬಳ್ಳಾರಿಯಿಂದ ಬೆಂಗಳೂರಿನ ರಾಕ್ ಶೋಗೆ ಕಮ್ಮಿ ಖರ್ಚಿನಲ್ಲಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಚಳಿಗಾಲದ ಕೆಲವು ಶೋಗಳ ಟಿಕೆಟ್ ಮಾರಾಟ ಶುರುವಾಗಿದೆ, ಉಳಿದವುಗಳದ್ದು ಹತ್ತಿರ ಬಂತು. ಅಕ್ಕ ನಮ್ಮ ಗಾಂಧಿನಗರದವರೇ. ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ದೊಡ್ಡ ಶೋಗಳ ಟಿಕೆಟ್ ಕೌಂಟರ್ ಮತ್ತು ಗೇಟ್ ಸ್ಕ್ಯಾನಿಂಗ್ ನೋಡಿಕೊಳ್ಳುತ್ತಾರೆ. ಇವತ್ತು ರಾತ್ರಿ 8ರಿಂದ 10ರವರೆಗೆ ಇಲ್ಲೇ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಸಿರುಗುಪ್ಪ ಗಿಟಾರ್: ಅಕ್ಕಾ ನಮಸ್ತೆ. ಕಮ್ಮಿ ದರದ ಟಿಕೆಟ್ ಎರಡೇ ನಿಮಿಷದಲ್ಲಿ ಖಾಲಿ ಆಗುತ್ತೆ. ನಮ್ಮಂಥವರಿಗೆ ಸಿಗೋದು ಹೇಗೆ?

ಟಿಕೆಟ್ ಡೆಸ್ಕ್ ಅಕ್ಕ: ಮೊದಲ ದಿನ ಸಿಗಲಿಲ್ಲ ಅಂದರೆ ಮುಗೀತು ಅಂದುಕೊಳ್ಳಬೇಡಿ. ಬ್ರಿಟಿಷ್ ಬ್ಯಾಂಡ್ ಕೋಲ್ಡ್‌ಪ್ಲೇ ಮುಂಬೈ ಶೋ ನೆನಪಿದೆ ಅಲ್ವಾ? 2024ರ ಸೆಪ್ಟೆಂಬರ್ 22ಕ್ಕೆ ಬುಕ್‌ಮೈಶೋದಲ್ಲಿ ಮಾರಾಟ. ದರ 2,500ರಿಂದ 35,000. ಮೊದಲು ಎರಡೇ ದಿನದ ಶೋ ಇತ್ತು. ಮಾರಾಟದ ದಿನವೇ 2025ರ ಜನವರಿ 21ರ ಮೂರನೇ ಶೋ ಸೇರಿಸಿದರು. ಆಮೇಲೆ ಅಹಮದಾಬಾದ್‌ನಲ್ಲಿ 25 ಮತ್ತು 26. ನವೆಂಬರ್‌ನಲ್ಲಿ 2,000 ರೂಪಾಯಿಯ ಇನ್‌ಫಿನಿಟಿ ಟಿಕೆಟ್ ಬೇರೆ ಬಿಟ್ಟರು. ಮೊದಲ ದಿನ ಗಾಬರಿಯಾಗಿ ಬ್ಲಾಕ್‌ನಲ್ಲಿ ತಗೊಂಡವರು ಹಲವು ಪಟ್ಟು ಕೊಟ್ಟರು. ಕಾದವರಲ್ಲಿ ಕೆಲವರು 2,000ಕ್ಕೇ ನೋಡಿ ಬಂದರು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಸ್ಟೇಜ್ ಎಲ್ಲಿ ಬರುತ್ತೆ, ಸೌಂಡ್ ಡೆಸ್ಕ್ ಎಲ್ಲಿ ಕೂರುತ್ತೆ ಅಂತ ಪಕ್ಕಾ ಆಗುವ ತನಕ ಕೆಲವು ಸೀಟುಗಳನ್ನು ಮಾರದೆ ಹಿಡಿದಿಟ್ಟಿರುತ್ತಾರೆ. ಕಟ್ಟುವ ಕೆಲಸ ಮುಗಿದ ಮೇಲೆ ಅಡ್ಡ ಬರದ ಸೀಟುಗಳನ್ನು ಬಿಡುತ್ತಾರೆ. ಶೋಗೆ ಒಂದು ವಾರ ಇರುವಾಗಿನಿಂದ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ನೋಡಿ.

ತೋರಣಗಲ್ಲು ಬಿ ಶಿಫ್ಟ್: ಮೇಡಂ, 3,000 ಅಂತ ಹಾಕಿದ್ದರು. ಕಟ್ಟುವಾಗ 3,700ರ ಹತ್ತಿರ ಬಂತು. ಇದು ಮೋಸ ಅಲ್ವಾ?

ಟಿಕೆಟ್ ಡೆಸ್ಕ್ ಅಕ್ಕ: ಅಲ್ಲ. 500 ರೂಪಾಯಿ ಮೇಲಿನ ಟಿಕೆಟ್‌ಗೆ 18% ಜಿಎಸ್‌ಟಿ. 3,000ಕ್ಕೆ 540. ಅದರ ಮೇಲೆ ಆ್ಯಪ್‌ನವರ ಕನ್ವೀನಿಯನ್ಸ್ ಫೀ, ಆ ಫೀಗೂ ತೆರಿಗೆ. ಮೊದಲ ಪುಟದ ದರ ನೋಡಿ ಬಜೆಟ್ ಹಾಕಬೇಡಿ, ಕೊನೆ ಪುಟದ ದರ ನೋಡಿ.

ಬ್ರೂಸ್‌ಪೇಟೆ ಬೇಸ್: ಇದು ನಮ್ಮ ಕಾಲೇಜು ಗುಂಪಿನಲ್ಲಿ ಬಂತು. "ಒಂದೇ ಅಕೌಂಟ್ ಅನ್ನು ಐದು ಮೊಬೈಲ್‌ನಲ್ಲಿ ತೆರೆಯಿರಿ. 10 ಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡಿ. ವಿಪಿಎನ್ ಹಾಕಿದರೆ ಅರ್ಧ ದರ. ಎಲ್ಲರಿಗೂ ಕಳಿಸಿ." ಇದು ನಿಜಾನಾ ಅಕ್ಕ?

ಟಿಕೆಟ್ ಡೆಸ್ಕ್ ಅಕ್ಕ: ಸುಳ್ಳು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆನ್‌ಲೈನ್ ಸಾಲಿನಲ್ಲಿ ಇರುವಾಗ ರಿಫ್ರೆಶ್ ಮಾಡಿದರೆ ನಿಮ್ಮ ಜಾಗ ಹೋಗಿ ಮತ್ತೆ ಕೊನೆಗೆ ಬೀಳಬಹುದು. ಒಂದೇ ಅಕೌಂಟ್ ಐದು ಕಡೆ ತೆರೆದರೆ ಮನುಷ್ಯರಲ್ಲ, ಬಾಟ್ (ತಾನೇ ಓಡುವ ಪ್ರೋಗ್ರಾಮ್) ಅಂತ ತಿಳಿದು ಸಿಸ್ಟಮ್ ಹೊರಗೆ ಹಾಕಬಹುದು. ವಿಪಿಎನ್ ಅಂದರೆ ನೀವು ಬೇರೆ ಕಡೆ ಇದ್ದೀರಿ ಅಂತ ತೋರಿಸುವ ಆ್ಯಪ್. ಅದರಿಂದ ದರ ಇಳಿಯೋದಿಲ್ಲ, ಪೇಮೆಂಟ್ ಫೇಲ್ ಆಗಬಹುದು ಅಷ್ಟೇ. ಹಿಂದಿನ ದಿನವೇ ಲಾಗಿನ್ ಆಗಿ ಹೆಸರು, ಫೋನ್ ನಂಬರ್ ಸರಿ ಇದೆಯಾ ನೋಡಿ. ಮಾರಾಟ ಶುರುವಾಗುವ ಮೊದಲೇ ಆ್ಯಪ್‌ನ ವೇಟಿಂಗ್ ರೂಮಿನಲ್ಲಿ ಇರಿ. ಆಮೇಲೆ ಮೊಬೈಲ್ ಮುಟ್ಟಬೇಡಿ. ಹೊಸ ಯುಪಿಐ ಆದರೆ ಮೊದಲ 24 ಗಂಟೆ 5,000ದ ಮಿತಿ ಇರುತ್ತೆ, ಅದನ್ನೂ ನೋಡಿಕೊಳ್ಳಿ.

ಸಂಡೂರು ರೈಡರ್: ಬೈಕಿನಲ್ಲಿ ಬಂದರೆ ಹೆಲ್ಮೆಟ್ ಎಲ್ಲಿ ಇಡೋದು?

ಹೊಸಪೇಟೆ ಅಕ್ಕ: ನನ್ನ ಮಗಳ ಎತ್ತರ ಐದಡಿ. ಸ್ಟ್ಯಾಂಡಿಂಗ್, ಅಂದರೆ ನಿಂತು ನೋಡುವ ಟಿಕೆಟ್, ಕಮ್ಮಿ ದರಕ್ಕೆ ಸಿಗುತ್ತಿದೆ. ಅದನ್ನೇ ಮಾಡಲಾ?

ಟಿಕೆಟ್ ಡೆಸ್ಕ್ ಅಕ್ಕ: ಬೇಡ. ಹಿಂದಿನ ಸ್ಟ್ಯಾಂಡಿಂಗ್‌ನಲ್ಲಿ ಅವಳಿಗೆ ಕಾಣೋದು ಮುಂದಿನವರ ಬೆನ್ನು ಮಾತ್ರ. ಅದೇ ದುಡ್ಡಿಗೆ ಮೇಲಿನ ಸ್ಟ್ಯಾಂಡಿನ ಸೀಟು ಸಿಕ್ಕರೆ ತಗೊಳ್ಳಿ. ದೂರ ಇದ್ದರೂ ಸ್ಟೇಜ್ ಪೂರ್ತಿ ಕಾಣುತ್ತೆ, ಕೂರೋಕೆ ಜಾಗ ಇರುತ್ತೆ.

ಕೌಲ್‌ಬಜಾರ್ ತಂಗಿ: ಅಕ್ಕಾ, ಸ್ವಲ್ಪ ಭಯ ಆಗಿದೆ. ನಾನು ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಕೆಲಸ ಮಾಡ್ತೀನಿ. ಆರು ತಿಂಗಳು ದುಡ್ಡು ಕೂಡಿಟ್ಟೆ. ಒಂದು ಚಾಟ್ ಗುಂಪಿನಲ್ಲಿ ಒಬ್ಬರು ಎರಡು ಟಿಕೆಟ್ 7,000 ಅಂದರು. ಇವತ್ತು ಮಧ್ಯಾಹ್ನ 4,000 ಹಾಕಿದೆ. ಕ್ಯೂಆರ್ ಇರುವ ಎರಡು ಟಿಕೆಟ್ ಫೋಟೊ ಕಳಿಸಿದರು. ಉಳಿದ 3,000 ಇವತ್ತೇ ರಾತ್ರಿ ಹಾಕಬೇಕಂತೆ, ಇಲ್ಲಾಂದ್ರೆ ಕ್ಯಾನ್ಸಲ್ ಅಂತೆ. ಫೋಟೊ ಇಲ್ಲಿ ಹಾಕಿದ್ದೀನಿ. ಹಾಕಲಾ ಬೇಡವಾ?

ಟಿಕೆಟ್ ಡೆಸ್ಕ್ ಅಕ್ಕ: ತಂಗಿ, ಒಂದು ರೂಪಾಯಿನೂ ಹಾಕಬೇಡ. ಮೊದಲು ಆ ಫೋಟೊ ಗುಂಪಿನಿಂದ ತೆಗಿ, ನಾನು ನೋಡಿದೆ. ಉಳಿದವರು ದಯವಿಟ್ಟು ಐದು ನಿಮಿಷ ಸುಮ್ಮನಿರಿ.

ನಾನು ಕಂಡಿದ್ದು ಇಷ್ಟು. ಎರಡು ಟಿಕೆಟ್‌ನಲ್ಲೂ ಕೋಡ್ ಒಂದೇ. ಜೂಮ್ ಮಾಡಿ ನೋಡು, ಎಡಗಡೆ ಕೆಳಗಿನ ಚುಕ್ಕಿಗಳ ಸಾಲು ಎರಡರಲ್ಲೂ ಒಂದೇ ಥರ ಇದೆ. ಎರಡು ಬೇರೆ ಬೇರೆ ಟಿಕೆಟ್ ಅಂದ ಮೇಲೆ ಕೋಡೂ ಬೇರೆ ಬೇರೆ ಇರಬೇಕು. ಕೂರುವ ಬ್ಲಾಕ್‌ನ ಹೆಸರು ಇದೆ, ಸಾಲೂ ಇಲ್ಲ, ಸೀಟ್ ನಂಬರೂ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಆ ಶೋನ ಗೇಟಿನಲ್ಲಿ ಸ್ಕ್ಯಾನ್ ಮಾಡುವ ಕೋಡ್ ಇನ್ನೂ ಯಾರಿಗೂ ಬಿಟ್ಟಿಲ್ಲ. ಈಗ ಟಿಕೆಟ್ ತಗೊಂಡವರ ಹತ್ತಿರ ಇರೋದು ಬುಕಿಂಗ್ ನಂಬರ್ ಮಾತ್ರ. ಕೋಡ್ ಬರೋದು ಶೋಗೆ ಕೆಲವು ದಿನ ಮೊದಲು. ಇಲ್ಲದ ಕೋಡ್ ಅವನಿಗೆ ಎಲ್ಲಿಂದ ಬಂತು?

ಈಗ ಮಾಡಬೇಕಾದ್ದು. ಈ ಕ್ಷಣ 1930ಕ್ಕೆ ಫೋನ್ ಮಾಡು. ಅದು ಸೈಬರ್ ಮೋಸದ ದೂರಿನ ಸರ್ಕಾರಿ ನಂಬರ್. ದುಡ್ಡು ಹಾಕಿದ ಆ್ಯಪ್ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ ಇರುತ್ತೆ, ಅದನ್ನು ಕಾಗದದ ಮೇಲೆ ಬರೆದುಕೊಂಡು ಕೂತುಕೋ. ಎಷ್ಟು ಗಂಟೆಗೆ ಹಾಕಿದೆ, ಯಾವ ಐಡಿಗೆ ಹೋಯಿತು ಎಲ್ಲ ಹೇಳು. ದುಡ್ಡು ಇನ್ನೂ ಅವನ ಖಾತೆಯಲ್ಲಿ ಇದ್ದರೆ ಬ್ಯಾಂಕ್ ತಡೆ ಹಿಡಿಯಬಹುದು. ಅವನು ಬೇರೆ ಖಾತೆಗೆ ಸಾಗಿಸಿದ ಮೇಲೆ ಕಷ್ಟ. ಮಧ್ಯಾಹ್ನದ ದುಡ್ಡು ಅಂದ್ಯಲ್ಲ, ಅದಕ್ಕೇ ಅವಸರ ಮಾಡ್ತಿದ್ದೀನಿ. ಲೈನ್ ಸಿಗದಿದ್ದರೆ ಮತ್ತೆ ಮತ್ತೆ ಮಾಡು. ಆಮೇಲೆ ನಿನ್ನ ಬ್ಯಾಂಕಿಗೂ ಹೇಳು. ಅವನ ಚಾಟ್ ಅಳಿಸಬೇಡ, ಎಲ್ಲ ಸ್ಕ್ರೀನ್‌ಶಾಟ್ ತಗೋ.

ಇನ್ನೊಂದು ಮಾತು. "ದುಡ್ಡು ವಾಪಸ್ ಕೊಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಅವನು ಕೇಳಬಹುದು. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ಇರೋದೂ ಹೋಗುತ್ತೆ.

ಗೇಟಿನಲ್ಲಿ ಇದು ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ಒಂದು ಸಲ ಒಂದೇ ಕೋಡ್ ಆರು ಜನರ ಕೈಯಲ್ಲಿ ಇತ್ತು. ಮೊದಲು ಬಂದವನಿಗೆ ಹಸಿರು ದೀಪ, ಉಳಿದ ಐವರಿಗೆ ಕೆಂಪು. ಐದನೆಯವನು ರಾಯಚೂರಿನಿಂದ ಬಂದ ಹುಡುಗ. ಕೈಯಲ್ಲಿ ಪ್ರಿಂಟ್ ತೆಗೆಸಿದ ಟಿಕೆಟ್, ಮಡಿಸಬಾರದು ಅಂತ ಪ್ಲಾಸ್ಟಿಕ್ ಕವರ್ ಹಾಕಿದ್ದ. ಮೂರು ಸಲ ಸ್ಕ್ಯಾನ್ ಮಾಡಿಸಿದ. ನನ್ನ ಕೈಲಿ ಏನೂ ಮಾಡೋಕೆ ಆಗಲಿಲ್ಲ. ಹಾಡು ಮುಗಿಯುವ ತನಕ ಗೇಟಿನ ಹೊರಗೆ ಫುಟ್‌ಪಾತ್ ಮೇಲೆ ಕೂತು ಕೇಳಿದ.

ಕೌಲ್‌ಬಜಾರ್ ತಂಗಿ: ಮಾಡ್ತಿದ್ದೀನಿ ಅಕ್ಕ. ಬಿಜಿ ಬರ್ತಿದೆ.

ಟಿಕೆಟ್ ಡೆಸ್ಕ್ ಅಕ್ಕ: ಬಿಡಬೇಡ. ಸಿಗುತ್ತೆ.

ಮೋಕಾ ರಸ್ತೆ: ಟಿಕೆಟ್ ಖಾಲಿ ಆದರೆ ಏನು ಮಾಡೋದು?

ಟಿಕೆಟ್ ಡೆಸ್ಕ್ ಅಕ್ಕ: ಮೇಲೆ ಬರೆದಿದ್ದೀನಿ.

ರಾಯಲ್ ಸರ್ಕಲ್ ಡೀಲ್ಸ್: ಎಲ್ಲರನ್ನೂ ಕಳ್ಳರು ಅನ್ನಬೇಡಿ. ನಾನೂ ನಾಲ್ಕು ಟಿಕೆಟ್ ತಗೊಂಡು ಮೂರು ಮಾರ್ತೀನಿ. ಸಾಲಿನಲ್ಲಿ ಕೂತ ನನ್ನ ಶ್ರಮಕ್ಕೆ 2,000 ಜಾಸ್ತಿ ಇಟ್ಟುಕೊಂಡರೆ ತಪ್ಪೇನು?

ಸಿರುಗುಪ್ಪ ಗಿಟಾರ್: ತಪ್ಪೇ. ನೀವು ಆ ಮೂರು ತಗೊಂಡಿದ್ದಕ್ಕೇ ನನಗೆ ಸಿಗಲಿಲ್ಲ. ಆಮೇಲೆ ನನಗೇ ಮಾರೋಕೆ ಬರ್ತೀರಿ.

ರಾಯಲ್ ಸರ್ಕಲ್ ಡೀಲ್ಸ್: ಸಿನಿಮಾ ಮೊದಲ ದಿನದ ಬ್ಲಾಕ್ ಟಿಕೆಟ್ ತಗೊಂಡಿಲ್ವಾ ನೀವು? ಆಗ ನ್ಯಾಯ ಎಲ್ಲಿತ್ತು?

ತೋರಣಗಲ್ಲು ಬಿ ಶಿಫ್ಟ್: ಸಿನಿಮಾ ನಾಳೆನೂ ಇರುತ್ತೆ ಅಣ್ಣ. ಈ ಬ್ಯಾಂಡ್‌ನವರು ಒಂದೇ ರಾತ್ರಿ ಬರ್ತಾರೆ. ಮೆಟಾಲಿಕಾ ಬ್ಯಾಂಡ್ 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಟಿಕೆಟ್ ದರಕ್ಕೇ ನೋಡಿದ್ದು. ಅವತ್ತಿನ ಖುಷಿ ಇವತ್ತಿಗೂ ಇದೆ. ಹುಡುಗರ ಹತ್ತಿರ ಅದನ್ನು ಕಿತ್ತುಕೊಳ್ಳಬೇಡಿ.

ಬ್ರೂಸ್‌ಪೇಟೆ ಬೇಸ್: ನಮ್ಮ ಮಾವ 2007ರ ಐರನ್ ಮೇಡನ್ ಬ್ಯಾಂಡ್‌ನ ಶೋಗೆ ಹೋಗಿದ್ದರು. ಅದರ ಮುಂದೆ ಇದೇನೂ ಅಲ್ಲ ಅಂತಾರೆ.

ತೋರಣಗಲ್ಲು ಬಿ ಶಿಫ್ಟ್: ಅದು ಬೇರೆ ಮಾತು. ನಿಮ್ಮ ಮಾವನವರನ್ನೇ ಕರ್ಕೊಂಡು ಬನ್ನಿ, ಮಾತಾಡೋಣ.

ರಾಯಲ್ ಸರ್ಕಲ್ ಡೀಲ್ಸ್: ನೀವು ದೊಡ್ಡ ಸಂಬಳದವರು, ಉಪದೇಶ ಸುಲಭ.

ಅಡ್ಮಿನ್: ಸಂಬಳದ ವಿಷಯ ಬೇಡ. ಇನ್ನೊಂದು ಸಲ ಬಂದರೆ ಗುಂಪಿನಿಂದ ತೆಗೀತೀನಿ.

ಟಿಕೆಟ್ ಡೆಸ್ಕ್ ಅಕ್ಕ: ಟಿಕೆಟ್‌ನ ಷರತ್ತು ಓದಿ. ಜಾಸ್ತಿ ದರಕ್ಕೆ ಮಾರಿದ್ದು ಗೊತ್ತಾದರೆ ಆ ಟಿಕೆಟ್ ರದ್ದು ಮಾಡಬಹುದು. ಆಗ ಗೇಟಿನಲ್ಲಿ ನಿಲ್ಲೋದು ನೀವಲ್ಲ, ನಿಮ್ಮ ಹತ್ತಿರ ತಗೊಂಡವರು. ಹೋಗೋಕೆ ಆಗದವರು ಕೊಟ್ಟ ದರಕ್ಕೇ ಗೆಳೆಯರಿಗೆ ಕೊಡಿ. ಅದಕ್ಕೆ ಈ ಗುಂಪು ಸಾಕು.

ಹೊಸಪೇಟೆ ಅಕ್ಕ: ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ ಅವತ್ತೇ ರಾತ್ರಿ ಅದರಲ್ಲೇ ವಾಪಸ್ ಬರಬಹುದಾ?

ಟಿಕೆಟ್ ಡೆಸ್ಕ್ ಅಕ್ಕ: ಹೋಗುವಾಗ ಅದು ಒಳ್ಳೆಯದು. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ವಾಪಸ್‌ಗೆ ಬೇಡ. ಅದು ಮೆಜೆಸ್ಟಿಕ್ ಬಿಡೋದು ರಾತ್ರಿ 10ರ ಸುಮಾರಿಗೆ. ಬಯಲಿನ ಶೋಗಳು ಮುಗಿಯೋದೂ 10ಕ್ಕೇ, ಆಮೇಲೆ ಧ್ವನಿವರ್ಧಕಕ್ಕೆ ಅನುಮತಿ ಇರೋದಿಲ್ಲ. ಗೇಟ್ ದಾಟೋಕೇ ಮುಕ್ಕಾಲು ಗಂಟೆ ಬೇಕು. ರೈಲು ಹಿಡಿಯಬೇಕು ಅಂತ 9ಕ್ಕೇ ಎದ್ದು ಹೋದವರು ಕೊನೆಯ ಹಾಡುಗಳನ್ನು ಕಳಕೊಳ್ಳುತ್ತಾರೆ, ಪಾಪ. ತಡರಾತ್ರಿಯ ಸ್ಲೀಪರ್ ಬಸ್ ಮಾಡಿ, ಇಲ್ಲ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಹೊರಡಿ. ರೈಲು ಬುಕಿಂಗ್ 60 ದಿನ ಮೊದಲೇ ತೆರೆಯುತ್ತೆ. ತತ್ಕಾಲ್ ನಂಬಿಕೊಂಡು ಕೂರಬೇಡಿ.

ಮೋಕಾ ರಸ್ತೆ: ಯಾವ ಟ್ರೈನ್ ಒಳ್ಳೆಯದು?

ಟಿಕೆಟ್ ಡೆಸ್ಕ್ ಅಕ್ಕ: ಓದಿ ಆಮೇಲೆ ಕೇಳಿ. ಈಗ ತಾನೇ ಬರೆದೆ.

ಮೋಕಾ ರಸ್ತೆ: ಸಿಟ್ಟು ಯಾಕೆ ಮೇಡಂ? ಕೇಳೋಕೇ ತಾನೇ ಈ ಗುಂಪು.

ಬ್ರೂಸ್‌ಪೇಟೆ ಬೇಸ್: ಇನ್ನೊಂದು ಫಾರ್ವರ್ಡ್ ಬಂದಿದೆ. ಶೋ ಶುರುವಾದ ಮೇಲೆ ಟಿಕೆಟ್ ಇಲ್ಲದೆ ಗೇಟ್ ಹತ್ತಿರ ನಿಂತರೆ ಒಳಗೆ ಬಿಡ್ತಾರಂತೆ.

ಟಿಕೆಟ್ ಡೆಸ್ಕ್ ಅಕ್ಕ: ಇದನ್ನು ಅಳಿಸಿ. ಈಗಲೇ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ನೂಕುನುಗ್ಗಲಾಗಿ 11 ಜನ ಸತ್ತರು. ಒಳಗೆ ಬಿಡುತ್ತಾರಾ ಇಲ್ಲವಾ ಅಂತ ಗೊತ್ತಿಲ್ಲದೆ ಜನ ಗೇಟಿಗೆ ಬಂದು ಸೇರಿದರೆ ಏನಾಗುತ್ತೆ ಅಂತ ಊರಿಗೆಲ್ಲ ಗೊತ್ತಾಗಿದೆ. ಟಿಕೆಟ್ ಇಲ್ಲದಿದ್ದರೆ ಬಳ್ಳಾರಿ ಬಿಡಬೇಡಿ. ಈ ಥರದ್ದನ್ನು ಓದದೆ ಮುಂದಕ್ಕೆ ತಳ್ಳೋದು ನಿಲ್ಲಿಸಿ, ಕೈ ಮುಗೀತೀನಿ.

ಬ್ರೂಸ್‌ಪೇಟೆ ಬೇಸ್: ಅಳಿಸಿದೆ. ಕ್ಷಮಿಸಿ ಅಕ್ಕ.

ಸಂಡೂರು ರೈಡರ್: ಹೆಲ್ಮೆಟ್ ಬಗ್ಗೆ ಕೇಳಿದ್ದೆ.

ರಾಯಲ್ ಸರ್ಕಲ್ ಡೀಲ್ಸ್: ಬೇಕಾದವರಿಗೆ ಮಾತ್ರ ಉತ್ತರ ಇಲ್ಲಿ.

ಅಡ್ಮಿನ್: 10 ಗಂಟೆ ಆಯಿತು. ಹೊಸ ಪ್ರಶ್ನೆ ಬೇಡ.

ಕೌಲ್‌ಬಜಾರ್ ತಂಗಿ: ಅಕ್ಕಾ, ಸಿಕ್ಕಿತು. ದೂರಿನ ನಂಬರ್ ಕೊಟ್ಟರು. ಅವನು ಕ್ಯೂಆರ್ ಕಳಿಸಿದ್ದಾನೆ, ವಾಪಸ್ ಕೊಡ್ತೀನಿ ಅಂತ. ನಾನು ಮುಟ್ಟಿಲ್ಲ.

ಟಿಕೆಟ್ ಡೆಸ್ಕ್ ಅಕ್ಕ: ಒಳ್ಳೆಯದು ಮಾಡಿದೆ. ಅದರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೋ. ಮನೆಯಲ್ಲಿ ಹೇಳಿದ್ಯಾ?

ಕೌಲ್‌ಬಜಾರ್ ತಂಗಿ: ಅಮ್ಮನಿಗೆ ಹೇಳಿದೆ. ಅಪ್ಪನಿಗೆ ಇಲ್ಲ.

ಟಿಕೆಟ್ ಡೆಸ್ಕ್ ಅಕ್ಕ: ಬೆಳಿಗ್ಗೆ ಅಪ್ಪನ ಜೊತೆಗೇ ಬ್ಯಾಂಕಿಗೆ ಹೋಗು. ಶೋಗೆ ಒಂದು ವಾರ ಇರುವಾಗ ನನಗೆ ಮೆಸೇಜ್ ಮಾಡು, ಸೀಟು ಬಿಟ್ಟರೆ ತಕ್ಷಣ ಹೇಳ್ತೀನಿ. ನೀನೇ ಆ್ಯಪ್‌ನಲ್ಲಿ ತಗೋ.