ಕೋಳಿ ಗೂಡಿನ ತಳ ಅಲ್ಲಾಡದಂತೆ ಕೂರಿಸೋದು ಹೇಗೆ?

ಇಳಕಲ್ ಹುಡುಗ:
ನಮಸ್ಕಾರ ರೀ. ಹಿತ್ತಲಲ್ಲಿ ಜವಾರಿ ಕೋಳಿಗೆ ನಾನೇ ಗೂಡು ಮಾಡಿದ್ದೇನೆ. 4 ಅಡಿ ಉದ್ದ, 3 ಅಡಿ ಅಗಲ, ಕಾಲಿನ ಮೇಲೆ ನಿಂತಿದೆ. ತಳಕ್ಕೆ 12 ಎಂಎಂ ಪ್ಲೈವುಡ್. ಹಿಕ್ಕೆ ಬಳಿಯುವಾಗ ಎಳೆದು ತೆಗೆಯೋಕೆ ಬರಲಿ ಅಂತ ಎರಡು ಅಡ್ಡ ಪಟ್ಟಿ ಮೇಲೆ ಸುಮ್ನೆ ಇಟ್ಟಿದ್ದೇನೆ. ಕೋಳಿ ಎಲ್ಲಾ ಮುಂದಿನ ತುದಿಗೆ ಬಂದು ನಿಂತರೆ ಹಿಂದಿನ ತುದಿ ಏಳುತ್ತದೆ, ಎರಡು ಬೆರಳು ಹೋಗುವಷ್ಟು ಸಂದಿ. ಓಣಿಯಲ್ಲಿ ಮುಂಗುಸಿ ಕಾಟ ಬೇರೆ. ಮೊಳೆ ಹೊಡೆದರೆ ತೆಗೆಯೋಕೆ ಆಗಲ್ಲ. ಏನು ಮಾಡಲಿ?

ಮುಧೋಳ ರೈತ:
ಪಟ್ಟಿ ತುದಿಯಿಂದ ಒಳಗಿದೆ, ಅದಕ್ಕೇ ಏಳುತ್ತದೆ. ಎರಡೂ ಪಕ್ಕ ಮತ್ತು ಹಿಂದಿನ ಗೋಡೆಗೆ ಒಳಗಿನಿಂದ ಒಂದೊಂದು ರೀಪು (ಸಣ್ಣ ಮರದ ಪಟ್ಟಿ) ಹೊಡೆಯಿರಿ, ಹಲಗೆ ಅದರ ಮೇಲೆ ಕೂರಲಿ. ಹಲಗೆಯ ಮೇಲ್ಗಡೆಗೂ ಇನ್ನೊಂದು ಸಾಲು ರೀಪು ಹಾಕಿ, ಆಗ ಮೇಜಿನ ಖಾನೆ ಥರ ನಡುವೆ ಜಾರುತ್ತದೆ, ಆದರೆ ಮೇಲೆ ಏಳಲ್ಲ. ಎರಡು ರೀಪಿನ ನಡುವೆ 15-16 ಎಂಎಂ ಬಿಡಿ. ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಸುತ್ತಿಗೆಯಿಂದ ಬಡಿದು ತೆಗೆಯಬೇಕು. ಮುಂದೆ ಎರಡು ಚಿಲಕ ಸಾಕು.

ಇಳಕಲ್ ಹುಡುಗ:
ಚಿಲಕದ ಬದಲು ಕಪಾಟಿಗೆ ಹಾಕುವ ಮ್ಯಾಗ್ನೆಟ್ ನಡೆಯುತ್ತಾ? ಮನೆಯಲ್ಲೇ ಇವೆ.

ಮುಧೋಳ ರೈತ:
ಬೇಡ ರೀ. ಕೋಳಿಗೇನೋ ಸಾಕು, ಮುಂಗುಸಿ ಮೂತಿ ತೂರಿಸಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಬಬಲೇಶ್ವರದವ:
ನಾನಾಗಿದ್ದರೆ ಮುಂಗುಸಿ ತಡೆಯೋ ಕೆಲಸವನ್ನು ಹಲಗೆಗೆ ಕೊಡ್ತಾನೇ ಇರಲಿಲ್ಲ. ಹಲಗೆಯ ಕೆಳಗೆ ಚೌಕಟ್ಟಿಗೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಳಿಗೆ) ಕಾಯಂ ಆಗಿ ಹೊಡೆದುಬಿಡಿ, ಪಿನ್ನು ಬೇಡ, ದೊಡ್ಡ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಆಗ ಹಲಗೆ ಹಿಕ್ಕೆ ಹಿಡಿಯೋಕೆ ಮಾತ್ರ, ಸ್ವಲ್ಪ ಸಡಿಲ ಇದ್ದರೂ ಚಿಂತೆ ಇಲ್ಲ. ಆರು ಮೂಲೆಯ ತೆಳ್ಳನೆ ಕೋಳಿ ಜಾಳಿಗೆ ಮಾತ್ರ ತರಬೇಡಿ, ಅದು ಕೋಳಿ ಹೊರಗೆ ಹೋಗದಂತೆ ತಡೆಯೋಕೆ ಸರಿ, ಹೆಗ್ಗಣ ಕಡಿದು ಒಳಗೆ ಬರುತ್ತದೆ.

ಇನ್ನೊಂದು, ಹಿಡಿಕೆ ಹಾಕುವಾಗ ಪ್ಲೈವುಡ್‌ನ ಅಂಚಿಗೆ ಸ್ಕ್ರೂ ಹೊಡೆಯಬೇಡಿ, ಪದರ ಸೀಳುತ್ತದೆ. ಮೇಲಿಂದ ಕೆಳಕ್ಕೆ ಆರಪಾರ ಬೋಲ್ಟ್ ಹಾಕಿ. ಅಂಚಿಗೆಲ್ಲಾ ಎಣ್ಣೆ ಬಣ್ಣ ಎರಡು ಕೈ ಬಳಿಯಿರಿ, ನೀರು ಕುಡಿಯೋದು ಅಲ್ಲಿಂದಲೇ ಅಲ್ವಾ.

ಇಳಕಲ್ ಹುಡುಗ:
ಮೆಶ್ ಮಾತು ಹಿಡಿಸಿತು. ಎರಡೂ ಮಾಡ್ತೀನಿ. ಹಲಗೆ ಮೇಲೆ ಏನು ಹಾಸಲಿ?

ಬಬಲೇಶ್ವರದವ:
ಶೇಂಗಾ ಹೊಟ್ಟು, ಎರಡು ಇಂಚು. ಒಣಗಿರಲಿ, ಬೂಸ್ಟು ಹಿಡಿದದ್ದು ಬೇಡ. ಹಲಗೆ ಹೊರಗೆ ತೆಗೆದಾಗೆಲ್ಲಾ ರೀಪಿನ ಸಂದಿಯನ್ನೂ ಕೆರೆದು ಸುಣ್ಣ ಬಳಿಯಿರಿ, ರಕ್ತ ಹೀರೋ ನುಸಿ ಅಡಗೋದು ಅಲ್ಲೇ.